ಮದುವೆಗೂ ಬಿತ್ತನೆ ಬೇಕು

ಮದುವೆಗೆ ತಿಂಗಳು ಮುಂಚೆ ತಯಾರಿ ಶುರು ಮಾಡುವವರು ಎಲ್ಲವನ್ನೂ ದುಡ್ಡು ಕೊಟ್ಟೇ ತರಬೇಕು. ಎಂಟು ತಿಂಗಳು ಮುಂಚೆ ಶುರು ಮಾಡುವವರಿಗೆ ಅರ್ಧ ಸಾಮಾನು ಹೊಲದಲ್ಲೇ ಬೆಳೆಯುತ್ತದೆ. ನಾನು ಹೇಳಬೇಕು ಅಂತಿರೋದು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ಈಗ ಪೇಟೆ ಕಡೆ 'ಪರಿಸರಸ್ನೇಹಿ ಮದುವೆ', 'ಗಾರ್ಡನ್ ಸ್ಟೈಲ್ ಮದುವೆ' ಅನ್ನುವ ಮಾತು ಜೋರಾಗಿದೆ. ಬೆಂಗಳೂರಿನ ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ ಇದ್ದ ಜಾಗದಲ್ಲಿ ಹುಲ್ಲುಹಾಸು ಬೆಳೆಸಿ ಮದುವೆಗೆ ಬಾಡಿಗೆ ಕೊಡ್ತಾರೆ. ಆ ಗಾಳಿ ನಮ್ಮ ಶಿರಾ, ಪಾವಗಡ, ಹಿರಿಯೂರು, ಚಳ್ಳಕೆರೆ ಕಡೆಗೂ ಬೀಸಿದೆ. ಮಕ್ಕಳು ಮೊಬೈಲಿನಲ್ಲಿ ಫೋಟೋ ತೋರಿಸಿ "ಅಪ್ಪಾ, ನಮ್ಮದೂ ಹಿಂಗೇ ಆಗಲಿ" ಅಂತಾರೆ. ಆಸೆ ಕೆಟ್ಟದ್ದಲ್ಲ. ಗಾಳಿ ಬೆಳಕಿಲ್ಲದ ಕಲ್ಯಾಣ ಮಂಟಪದಲ್ಲಿ ಮೈಕಿನ ಗದ್ದಲದ ನಡುವೆ ಧಾರೆ ಎರೆಯೋದಕ್ಕಿಂತ ಬಯಲಿನಲ್ಲಿ, ಗಿಡಮರದ ಮಧ್ಯೆ ಮದುವೆ ಆಗಬೇಕು ಅನ್ನೋದು ಒಳ್ಳೆ ಆಸೆಯೇ. ಆದರೆ ಆ ಆಸೆಯನ್ನು ತೀರಿಸೋದಕ್ಕೆ ಏನೇನು ತರ್ತಾರೆ, ಎಲ್ಲಿಂದ ತರ್ತಾರೆ, ಮುಗಿದ ಮೇಲೆ ಎಲ್ಲಿಗೆ ಎಸೀತಾರೆ ಅಂತ ರೈತರಾದ ನಾವು ಒಮ್ಮೆ ನೋಡಬೇಕು.

ಬೆಳ್ಳಗಿರೋದೆಲ್ಲ ಹಾಲಲ್ಲ

ನೆಂಟರ ಮನೆಯ ಇಂಥ ಒಂದು ಮದುವೆಗೆ ಹೋಗಿದ್ದೆ. ಊಟ ಆದ ಮೇಲೆ ಸುಮ್ಮನೆ ಕೂರಲಾರದೆ ಅಲಂಕಾರ ಬಿಚ್ಚುವ ಹುಡುಗರ ಹತ್ತಿರ ನಿಂತುಕೊಂಡೆ. ಮಂಟಪಕ್ಕೆ ಹಬ್ಬಿಸಿದ್ದ ಹಸಿರು ಬಳ್ಳಿ ಪ್ಲಾಸ್ಟಿಕ್ಕಿನದು. ಹೂವು ನಿಜವಾದದ್ದೇ. ಆದರೆ ಅವನ್ನು ಚುಚ್ಚಿದ್ದು ಹಸಿರು ಬಣ್ಣದ ಮೆತ್ತನೆ ಇಟ್ಟಿಗೆಯಂಥ ಒಂದು ವಸ್ತುವಿಗೆ. ನೀರು ಕುಡಿದು ಹೂವನ್ನು ಬಾಡದ ಹಾಗೆ ಹಿಡಿದುಕೊಳ್ಳುತ್ತೆ. ಕೈಯಲ್ಲಿ ಹಿಸುಕಿದರೆ ಪುಡಿಪುಡಿ. ಅದೂ ಒಂದು ಜಾತಿಯ ಪ್ಲಾಸ್ಟಿಕ್ಕೇ. ಮಣ್ಣಿನಲ್ಲಿ ಕರಗೋದಿಲ್ಲ, ಪುಡಿಯಾಗಿ ಸೇರಿಕೊಳ್ಳುತ್ತೆ ಅಷ್ಟೆ. ನೋಡುವವರ ಕಣ್ಣಿಗೆ ತೋಟ, ತಿಪ್ಪೆಗೆ ಹೋದರೆ ವಿಷ.

ಇನ್ನು ಹುಲ್ಲುಹಾಸು. ಬೇಸಿಗೆಯಲ್ಲಿ ದಿನಕ್ಕೆ ೫ ಮಿಲಿಮೀಟರ್ ನೀರು ಅಂತ ಲೆಕ್ಕ ಇಟ್ಟರೂ ಒಂದು ಎಕರೆಗೆ ೨೦ ಸಾವಿರ ಲೀಟರ್ ಆಗುತ್ತದೆ. ೫ ಸಾವಿರ ಲೀಟರಿನ ಟ್ಯಾಂಕರು ನಾಲ್ಕು. ನಮ್ಮ ಕಡೆ ವರ್ಷಕ್ಕೆ ಬೀಳೋ ಮಳೆ ೫೦೦ ಮಿಲಿಮೀಟರ್ ಆಸುಪಾಸು. ಅಂದರೆ ನಾವು ಮುಂಗಾರು ಹಿಂಗಾರು ಎರಡಕ್ಕೂ ಮುಖ ಎತ್ತಿ ಕಾಯುವ ವರ್ಷದ ಮಳೆಯನ್ನು ಆ ಹುಲ್ಲು ೧೦೦ ದಿನದಲ್ಲಿ ಕುಡಿದು ಮುಗಿಸುತ್ತೆ. ಅದನ್ನು ದನ ಮೇಯುವ ಹಾಗೂ ಇಲ್ಲ.

ಊಟದ ಪಂಕ್ತಿಯಲ್ಲಿ ಇನ್ನೊಂದು. ತಲೆಗೆ ಎರಡು ಸಣ್ಣ ನೀರಿನ ಬಾಟಲಿ ಅಂದರೆ ೫೦೦ ಜನಕ್ಕೆ ೧,೦೦೦ ಬಾಟಲಿ. ಅರ್ಧ ಕುಡಿದು ಅರ್ಧ ಬಿಡ್ತಾರೆ. ಬಾಳೆ ಎಲೆಯ ಚಿತ್ರ ಅಚ್ಚು ಹಾಕಿದ ಕಾಗದದ ಎಲೆ ಬಂದಿದೆಯಲ್ಲ, ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಪೊರೆ ಇರುತ್ತೆ. ಸಾರು ಸೋರದೆ ಇರೋದು ಆ ಪೊರೆಯಿಂದಲೇ. ಅನ್ನ ಅಂಟಿದ ಆ ಎಲೆಯನ್ನು ದನ ತಿಂದರೆ ಪೊರೆ ಹೊಟ್ಟೆಯಲ್ಲೇ ಉಳಿಯುತ್ತೆ. ಹೊಟ್ಟೆ ಉಬ್ಬರಿಸಿ ಸತ್ತ ದನದ ಹೊಟ್ಟೆ ಕೊಯ್ದಾಗ ಗಂಟು ಗಂಟು ಪ್ಲಾಸ್ಟಿಕ್ ತೆಗೆದದ್ದನ್ನು ಹಳ್ಳಿಯಲ್ಲಿ ನೋಡದವರು ಕಡಿಮೆ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯ ಸರ್ಕಾರ ೨೦೧೬ರ ಮಾರ್ಚಿಯಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸು, ಬ್ಯಾನರುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ ೨೦೨೨ರ ಜುಲೈ ೧ರಿಂದ ಪ್ಲಾಸ್ಟಿಕ್ ತಟ್ಟೆ ಲೋಟದ ಜೊತೆಗೆ ಅಲಂಕಾರದ ಥರ್ಮೋಕೋಲು, ಸಿಹಿ ಡಬ್ಬಿಗೂ ಆಹ್ವಾನ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನೂ ನಿಲ್ಲಿಸಿತು. ಆದರೂ ಮದುವೆ ಮನೆ ಬಾಗಿಲಲ್ಲಿ ಹುಡುಗ ಹುಡುಗಿ ಹೆಸರು ಥರ್ಮೋಕೋಲಿನಲ್ಲೇ ಕೊರೆದಿರುತ್ತಾರೆ. ಶುಭಕಾರ್ಯದ ಮನೆಗೆ ಹೋಗಿ ದಂಡ ಹಾಕುವವರು ಯಾರು? ಹಾಗಾಗಿ ಇದು ಕಾನೂನಿಗಿಂತ ಮನೆಯವರೇ ಮಾಡಬೇಕಾದ ತೀರ್ಮಾನ.

ದುಡ್ಡು ಯಾರ ಊರಿಗೆ ಹೋಗುತ್ತೆ?

ಪರಿಸರ ಒಂದು ಕಡೆ ಇರಲಿ. ಕೃಷಿ ಪತ್ರಿಕೆಯಲ್ಲಿ ಮದುವೆ ವಿಷಯ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದು. ಒಬ್ಬ ಖುಷ್ಕಿ ರೈತ ತನ್ನ ಜೀವಮಾನದಲ್ಲಿ ಒಂದೇ ಸಲಕ್ಕೆ ಅತಿ ಹೆಚ್ಚು ಕಾಳು, ಬೇಳೆ, ಎಣ್ಣೆ, ತರಕಾರಿ, ಹೂವು ಕೊಳ್ಳೋದು ಯಾವಾಗ? ಮದುವೆಯಲ್ಲಿ. ಅವನು ಬೆಳೆಯೋದೂ ಇದನ್ನೇ! ಆದರೆ ಶೇಂಗಾ ಬೆಳೆದವನು ಕಾಯಿಯನ್ನು ಸುಗ್ಗಿಯಲ್ಲಿ ಸಿಕ್ಕ ಬೆಲೆಗೆ ಮಂಡಿಗೆ ಹಾಕಿ, ಮದುವೆಗೆ ಹೊರದೇಶದ ತಾಳೆ ಎಣ್ಣೆ ಡಬ್ಬ ತರ್ತಾನೆ. ರಾಗಿ, ನವಣೆ, ಸಾಮೆ ಮನೆಯಲ್ಲಿಟ್ಟುಕೊಂಡವನು ನೆಂಟರಿಗೆ ಬಡಿಸೋದಕ್ಕೆ ಸಣ್ಣಕ್ಕಿ ಮೂಟೆ ಸಾಲ ತರ್ತಾನೆ. ಚೆಂಡು ಹೂವಿನ ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿಯುವ ನಾವೇ ಮಗಳ ಮದುವೆಯಲ್ಲಿ ಶೀತಲಪೆಟ್ಟಿಗೆಯಲ್ಲಿ ಬಂದ ಹೆಸರು ಗೊತ್ತಿಲ್ಲದ ಹೂವಿಗೆ ಕಾಸು ಎಣಿಸ್ತೀವಿ.

೨೦೨೩ನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷ ಅಂತ ಮಾಡಿದರು. ಭಾಷಣ ಆಯ್ತು, ಮೇಳ ಆಯ್ತು. ಆದರೆ ನಮ್ಮ ಹಳ್ಳಿಯ ಮದುವೆ ಊಟದ ಎಲೆಗೆ ನವಣೆ ಅನ್ನ ಬಂತಾ? ಬೆಳೆದವನೇ ತನ್ನ ಧಾನ್ಯವನ್ನು ನೆಂಟರ ಮುಂದೆ ಇಡೋದಕ್ಕೆ ನಾಚಿಕೊಂಡರೆ ಪೇಟೆಯವನು ಯಾಕೆ ಕೊಳ್ತಾನೆ?

ಮದುವೆ ಸಾಲದ ಮಾತು ನಿಮಗೆಲ್ಲ ಗೊತ್ತಿರೋದೇ. ಬೆಳೆ ಸಾಲಕ್ಕೆ ಬ್ಯಾಂಕು, ಸೊಸೈಟಿ ಇವೆ. ಮದುವೆ ಸಾಲಕ್ಕೆ ಇರೋದು ಕೈಸಾಲ, ಬಡ್ಡಿ ಸಾಲ, ಇಲ್ಲವೇ ಪಹಣಿ. ನಮ್ಮ ಎರಡನೇ ಮಗಳಿಗೆ ಸಂಬಂಧ ಕೂಡಿದಾಗ ಬೀಗರು ಬೆಂಗಳೂರಿನವರು. ಒಳ್ಳೆ ಜನ. ಅವರ ಮಗನಿಗೂ ನಮ್ಮ ಹುಡುಗಿಗೂ ಗಾರ್ಡನ್ ಮದುವೆ ಆಗಲಿ ಅಂತ ಇತ್ತು. ಒಂದು ಜಾಗದ ದರ ವಿಚಾರಿಸಿದೆ. ಅದಕ್ಕೆ ಅಲಂಕಾರ, ಊಟ ಸೇರಿಸಿದರೆ ನಾನು ಒಂದು ಎಕರೆ ಮಾರಬೇಕಾಗಿತ್ತು. ನಾನು ಬೀಗರಿಗೆ ಒಂದೇ ಮಾತು ಹೇಳಿದೆ: "ತೋಟ ಬಾಡಿಗೆಗೆ ಹಿಡಿಯೋದಕ್ಕೆ ಹೊಲ ಮಾರೋದು ನ್ಯಾಯ ಅಲ್ಲ ಬೀಗರೇ. ನೀವು ಒಂದು ಸಲ ಬಂದು ಹೊಲ ನೋಡಿ." ಬಂದರು, ನೋಡಿದರು, ಕಣದ ಮೇಲೆ ನಿಂತು ನಾಲ್ಕು ಕಡೆ ಕಣ್ಣು ಹಾಯಿಸಿದರು. ಮಾಘದಲ್ಲಿ ಇಲ್ಲೇ ಮಾಡೋಣ ಅಂತ ತೀರ್ಮಾನ ಆಯ್ತು. ಆಗ ಜ್ಯೇಷ್ಠ ಮಾಸ. ಕೈಯಲ್ಲಿ ಎಂಟು ತಿಂಗಳಿತ್ತು.

ಎಂಟು ತಿಂಗಳ ಲೆಕ್ಕ

ಕೆಳಗಿನ ಲೆಕ್ಕ ಖುಷ್ಕಿ ಹೊಲ ಇರುವ, ೪೦೦ ಜನದ ಊಟದ ಅಂದಾಜಿರುವ ಮಾಘದ ಮದುವೆಗೆ. ನಿಮ್ಮ ಜಮೀನು, ಮಳೆ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿಕೊಳ್ಳಿ.

ನವಣೆ ಅಥವಾ ಸಾಮೆ: ತಲೆಗೆ ೮೦ ಗ್ರಾಂ ಅಕ್ಕಿ ಹಿಡಿದರೆ ೩೨ ಕೆ.ಜಿ. ಬೇಕು. ಒಂದು ಕ್ವಿಂಟಲ್ ನವಣೆ ಕುಟ್ಟಿಸಿದರೆ ೬೦ ಕೆ.ಜಿ. ಮೇಲೆ ಅಕ್ಕಿ ಬರುತ್ತೆ. ಹಾಗಾಗಿ ೫೫ ಕೆ.ಜಿ. ಕಾಳು ಸಾಕು. ಆರಿದ್ರ ಪುನರ್ವಸು ಮಳೆಗೆ ಬಿತ್ತಿದರೆ ಮೂರು ತಿಂಗಳಿಗೆ ಕಣಕ್ಕೆ ಬರುತ್ತೆ. ಅರ್ಧ ಎಕರೆ ಮಿಕ್ಕುತ್ತದೆ.

ರಾಗಿ: ಮುದ್ದೆಗೆ ೧೦೦ ಗ್ರಾಂ ಹಿಟ್ಟು. ಎಲ್ಲರೂ ಒಂದೊಂದು ಉಂಡರೂ ೪೦ ಕೆ.ಜಿ. ಇದಕ್ಕೆ ಬೇರೆ ಬಿತ್ತನೆ ಬೇಕಿಲ್ಲ, ಮನೆ ರಾಗಿಯೇ ಆಯ್ತು. ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿರಿ. ಅವರೆ ಪುಷ್ಯ ಮಾಘಕ್ಕೆ ಸೊನೆ ಕಟ್ಟಿ ನಿಂತಿರುತ್ತೆ. ಮದುವೆ ಹುಳಿಗೆ ಇದಕ್ಕಿಂತ ರುಚಿ ಬೇರೆ ಯಾವುದಿದೆ?

ಎಣ್ಣೆ: ಒಂದು ಕ್ವಿಂಟಲ್ ಶೇಂಗಾ ಕಾಯಿ ಒಡೆದರೆ ೭೦ ಕೆ.ಜಿ. ಆಸುಪಾಸು ಬೀಜ. ಗಾಣಕ್ಕೆ ಹಾಕಿದರೆ ೨೫ ಕೆ.ಜಿ.ಗೆ ಕಡಿಮೆ ಇಲ್ಲದೆ ಎಣ್ಣೆ. ಹಿಂಡಿ ಮನೆ ದನಕ್ಕೇ. ಕರಿದದ್ದನ್ನು ಕಡಿಮೆ ಮಾಡಿಕೊಂಡರೆ ಇಷ್ಟು ಎಣ್ಣೆಯಲ್ಲಿ ಮದುವೆ ಮುಗಿದು ಮನೆಗೂ ಉಳಿಯುತ್ತೆ.

ಊಟದ ಎಲೆ: ಇಲ್ಲಿ ಲೆಕ್ಕ ತಪ್ಪಬಾರದು. ಮಾಘದ ಹೊತ್ತಿಗೆ ಮುತ್ತುಗದ ಮರ ಎಲೆ ಉದುರಿಸಿ ಹೂ ಬಿಡೋದಕ್ಕೆ ನಿಂತಿರುತ್ತೆ. ಆಗ ಹುಡುಕಿಕೊಂಡು ಹೋದರೆ ಬರಿ ಕೊಂಬೆ. ಕಾರ್ತಿಕದಲ್ಲೇ ಬಲಿತ ಎಲೆ ಕೊಯ್ದು, ಸಣ್ಣಗೆ ಸೀಳಿದ ಕಡ್ಡಿಯಿಂದ ಹಚ್ಚಿ, ನೆರಳಲ್ಲಿ ಒಣಗಿಸಿ, ಕಟ್ಟು ಕಟ್ಟಿ ಮೇಲೆ ಕಲ್ಲು ಹೇರಿ ಇಡಬೇಕು. ತಿಂಗಳುಗಟ್ಟಲೆ ಕೆಡೋದಿಲ್ಲ. ಬಡಿಸುವ ಮುಂಚೆ ನೀರು ಚಿಮುಕಿಸಿದರೆ ಮೆತ್ತಗಾಗುತ್ತೆ. ನಮ್ಮೂರಲ್ಲಿ ಎಲೆ ಹಚ್ಚಲು ಬರುವ ಹೆಂಗಸರು ಆರು ಜನ ಉಳಿದಿದ್ದರು, ಎಲ್ಲರೂ ಐವತ್ತು ದಾಟಿದವರು. ಅವರಿಗೆ ಎಲೆ ಲೆಕ್ಕದಲ್ಲಿ ಕೂಲಿ ಕೊಟ್ಟೆ. ಅವರ ಜೊತೆ ಕೂತು ಮೂರು ಹುಡುಗಿಯರು ಕಲಿತರು. ಉಂಡ ಎಲೆಯೆಲ್ಲ ತಿಪ್ಪೆಗೆ, ಮುಂದಿನ ವರ್ಷ ಹೊಲಕ್ಕೆ. ಮುತ್ತುಗ ಇಲ್ಲದ ಕಡೆ ಮಲೆನಾಡಿನ ಅಡಿಕೆ ಹಾಳೆ ತಟ್ಟೆ ತರಿಸಿಕೊಳ್ಳಿ. ಆ ದುಡ್ಡೂ ಇನ್ನೊಬ್ಬ ರೈತನಿಗೇ ಹೋಗುತ್ತೆ.

ಹೂವು: ಚೆಂಡು ಹೂವಿನ ಸಸಿ ಒಂದು ತಿಂಗಳು ಮಡಿಯಲ್ಲಿ, ನಾಟಿ ಆಗಿ ಎರಡು ತಿಂಗಳಿಗೆ ಹೂವು. ಮಾಘಕ್ಕೆ ಬೇಕು ಅಂದರೆ ದೀಪಾವಳಿ ಹೊತ್ತಿಗೆ ಬೀಜ ಚೆಲ್ಲಬೇಕು. ಮೂರು ಗುಂಟೆ ಸಾಕು. ನೀರಿಲ್ಲದವರು ಬೋರು ಇರುವ ಪಕ್ಕದವರಿಗೆ ಮುಂಗಡ ಕೊಟ್ಟು ಬೆಳೆಸಿಕೊಳ್ಳಿ. ಟೊಮೇಟೊ ಹಾಕಿದವರ ಹೊಲದ ಅಂಚಿಗೆ ಚೆಂಡು ಹೂ ಹಾಕಿದರೆ ಬೇರುಗಂಟು ಹುಳದ ಕಾಟವೂ ತಗ್ಗುತ್ತೆ. ಜೊತೆಗೆ ಸೇವಂತಿಗೆ, ಮರುಗ, ದವನ. ಬಾಡಿದ ಮೇಲೆ ಎಲ್ಲವೂ ಗೊಬ್ಬರ.

ಬೀಗರ ಔತಣಕ್ಕೆ ಸಂತೆಯಿಂದ ಬಾಯ್ಲರ್ ಕೋಳಿ ತರಲಿಲ್ಲ. ನಮ್ಮೂರ ಮಂದೆಯ ಕುರಿಯೇ ಆಯ್ತು. ಬೆಲ್ಲ, ಭತ್ತದ ಅಕ್ಕಿ ಸ್ವಲ್ಪ, ಅರಿಶಿನ, ಸೀರೆ, ತಾಳಿ, ಇವು ಕೊಂಡದ್ದು. ಎಲ್ಲವನ್ನೂ ಬೆಳೆದೆ ಅಂತ ಬಡಾಯಿ ಕೊಚ್ಚಿಕೊಳ್ಳೋದಿಲ್ಲ.

ಕಣವೇ ನಮ್ಮ ಗಾರ್ಡನ್

ಮಾಘಕ್ಕೆ ಒಕ್ಕಣೆ ಮುಗಿದು ಕಣ ಖಾಲಿ ಇರುತ್ತೆ. ಸಮ ಮಾಡಿ, ಗುಂಡು ಎಳೆದು, ಸಗಣಿ ಸಾರಿಸಿದ ನೆಲ. ಇದಕ್ಕಿಂತ ಚೊಕ್ಕಟ ಜಾಗ ಯಾವ ಊರಲ್ಲಿ ಬಾಡಿಗೆಗೆ ಸಿಗುತ್ತೆ? ಒಂದು ಬದಿಗೆ ಹುಲ್ಲಿನ ಬಣವೆ, ಇನ್ನೊಂದು ಬದಿಗೆ ಅವರೆ ಸಾಲು, ನಡುವೆ ಚಪ್ಪರ.

ಚಪ್ಪರದ ಸೊಪ್ಪನ್ನೂ ಕಾಲ ನೋಡಿ ಆರಿಸಬೇಕು. ಮಾಘದಲ್ಲಿ ಹೊಂಗೆ ಎಲೆ ಉದುರಿಸುತ್ತೆ, ಚೈತ್ರಕ್ಕೆ ಚಿಗುರುತ್ತೆ. ವೈಶಾಖದ ಮದುವೆಗೆ ಹೊಂಗೆ ಚಪ್ಪರ ತಂಪು. ಮಾಘಕ್ಕೆ ಹೆಣೆದ ತೆಂಗಿನ ಗರಿ, ನೇರಳೆ ಸೊಪ್ಪು, ಮಾವಿನ ತೋರಣ. ಸೊಪ್ಪು ಸವರಿದರೆ ಮರ ಮತ್ತೆ ಚಿಗುರುತ್ತೆ. ಮರ ಕಡಿಯೋದು ಮಾತ್ರ ಬೇಡ. ಹಾಲುಗಂಬಕ್ಕೂ ಅತ್ತಿಯ ಒಂದು ಕೊಂಬೆ ಸಾಕು. ಫೋಟೋಗೆ ಚೆಂದ ಕಾಣಲಿ ಅಂತ ಮಗಳು ಕಾರ್ತಿಕದಲ್ಲೇ ಮಣ್ಣಿನ ಕುಂಡಗಳಲ್ಲಿ ಸೇವಂತಿಗೆ, ತುಳಸಿ, ಮರುಗ ಹಾಕಿ ಬೆಳೆಸಿದಳು. ಮಂಟಪದ ಎರಡೂ ಕಡೆ ಅವನ್ನೇ ಸಾಲಾಗಿ ಇಟ್ಟೆವು. ಮದುವೆ ಮುಗಿದ ಮೇಲೂ ಅವು ಬದುಕಿದ್ದವು. ಅರ್ಧ ಅವಳ ಜೊತೆ ಬೆಂಗಳೂರಿಗೆ ಹೋಗಿ ಮನೆಯ ತಾರಸಿ ಮೇಲಿವೆ.

ನಮ್ಮ ಶಾಸ್ತ್ರದಲ್ಲೇ ಬಿತ್ತನೆ ಇದೆ ಅನ್ನೋದನ್ನು ಮರೀತಿದ್ದೀವಿ. ಕುಂಬಾರರ ಮನೆಯಿಂದ ಮಡಕೆ ತಂದು, ಮಣ್ಣು ಗೊಬ್ಬರ ತುಂಬಿ ನವಧಾನ್ಯ ಹಾಕಿ ಮೊಳಕೆ ಬರಿಸೋದು ಯಾತಕ್ಕೆ? ಬೀಜ ಚೆನ್ನಾಗಿ ಮೊಳೆತರೆ ಸಂಸಾರ ಚೆನ್ನ ಅಂತ ಹಿರಿಯರು ಅಂತಿದ್ದರು. ಬೀಜ ಚೆನ್ನಾಗಿದೆಯಾ ಅಂತ ಗೊತ್ತಾಗೋದಕ್ಕೂ ಅದೇ ದಾರಿ. ಈಗ ನವಧಾನ್ಯ ಗ್ರಂಧಿಗೆ ಅಂಗಡಿಯಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತೆ. ಮೊಳೆಯುತ್ತೋ ಬಿಡುತ್ತೋ ಕೇಳುವವರಿಲ್ಲ. ಗೋಧಿ, ಭತ್ತ ಬಿಟ್ಟರೆ ತೊಗರಿ, ಹೆಸರು, ಕಡಲೆ, ಅವರೆ, ಉದ್ದು, ಹುರುಳಿ, ಎಳ್ಳು, ಈ ಏಳೂ ನಮ್ಮ ಖುಷ್ಕಿ ಸೀಮೆಯ ಬೆಳೆಯೇ. ಮನೆ ಬೀಜವನ್ನೇ ಹಾಕಿ.

ತಾಂಬೂಲದ ಜೊತೆ ಸಸಿ ಕೊಡುವ ಪದ್ಧತಿ ಈಚೆಗೆ ಬಂದಿದೆ. ಮನಸ್ಸು ಒಳ್ಳೆಯದು, ಕಾಲ ಕೆಟ್ಟದ್ದು. ಮಾಘ ಫಾಲ್ಗುಣದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದ ಸಸಿ ತೊಗೊಂಡು ಹೋದವರು ನಮ್ಮ ಬಿಸಿಲಲ್ಲಿ ಅದನ್ನು ಉಳಿಸೋದು ಹೇಗೆ? ಅರ್ಧ ಸಸಿ ಬಸ್ಸಿನ ಸೀಟಿನ ಕೆಳಗೇ ಉಳಿಯುತ್ತೆ. ಸಸಿ ಕೊಡೋದಾದರೆ ಶ್ರಾವಣದ ಮದುವೆಯಲ್ಲಿ ಕೊಡಿ. ಉಳಿದ ಕಾಲದಲ್ಲಿ ಬೀಜ ಕೊಡಿ. ನಾವು ಬಟ್ಟೆ ಚೀಲದಲ್ಲಿ ಎಲೆ, ಅಡಿಕೆ, ಕಾಯಿ ಜೊತೆ ಅವರೆ, ಸೋರೆ, ಹೀರೆ, ಕುಂಬಳದ ಬೀಜವನ್ನು ಕಾಗದದ ಪೊಟ್ಟಣ ಕಟ್ಟಿ ಕೊಟ್ಟೆವು. ಮಳೆ ಬರುವವರೆಗೆ ಗೂಡಿನಲ್ಲಿ ಇಟ್ಟುಕೊಳ್ಳಬಹುದು.

ಎದುರು ಮಾತುಗಳು

ಇದಕ್ಕೆ ಎದುರಾಡುವವರ ಮಾತಲ್ಲಿ ಹುರುಳಿದೆ. ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು ಹೆಂಗಸರ ಮಾತು. "ಛತ್ರದಲ್ಲಾದರೆ ನಾವೂ ಸೀರೆ ಉಟ್ಟು ಕೂರಬಹುದು. ಮನೆ ಮದುವೆ ಅಂದರೆ ತಿಂಗಳುಗಟ್ಟಲೆ ಬೀಸಿ, ಕುಟ್ಟಿ, ಸಾರಿಸಿ, ಪಾತ್ರೆ ತಿಕ್ಕಿ ಸೊಂಟ ಬಿದ್ದು ಹೋಗುತ್ತೆ. ಗಂಡಸರು ಹೆಗಲಿಗೆ ಟವೆಲ್ ಹಾಕಿಕೊಂಡು ಓಡಾಡ್ತಾರೆ" ಅಂತ ನನ್ನ ಮನೆಯವರೇ ಅಂದರು. ಇದು ನೂರಕ್ಕೆ ನೂರು ಸತ್ಯ. ಹೆಂಗಸರ ಬಿಟ್ಟಿ ದುಡಿಮೆ ಮೇಲೆ ನಿಂತ ಮದುವೆಯನ್ನು ಪರಿಸರಸ್ನೇಹಿ ಅಂತ ಕರೆಯೋದು ಮೋಸ. ಪರಿಹಾರ ಒಂದೇ, ಪ್ರತಿ ಕೆಲಸಕ್ಕೂ ಕೂಲಿ ಇಡೋದು. ಅಲಂಕಾರಕ್ಕೆ ಲಕ್ಷ ಕೊಡೋದಕ್ಕೆ ಸಿದ್ಧ ಇರುವವನು ಪಾತ್ರೆ ತೊಳೆಯುವವರಿಗೆ, ಎಲೆ ಹಚ್ಚುವವರಿಗೆ, ಚಪ್ಪರ ಹಾಕುವವರಿಗೆ ಸರಿಯಾದ ಕೂಲಿ ಕೊಡಲು ಹಿಂದೆ ಮುಂದೆ ನೋಡಬಾರದು. ಹಿಟ್ಟು, ಬೇಳೆ ಗಿರಣಿಗೆ ಹೋಗಲಿ. ಬಡಿಸೋದು, ಎಲೆ ಎತ್ತೋದು ಗಂಡಸರ ಪಾಲಿಗೆ ಬರಲಿ. ಮನೆಯವರು ಧಾರೆ ಹೊತ್ತಿನಲ್ಲಿ ಮಗಳ ಪಕ್ಕದಲ್ಲಿ ಇರಬೇಕು, ಒಲೆ ಮುಂದೆ ಅಲ್ಲ.

ಎರಡನೆಯದು ಅನುಕೂಲದ ಮಾತು. ಪೇಟೆಯಿಂದ ಬಂದವರಿಗೆ ಕಕ್ಕಸು ಎಲ್ಲಿ? ಮಂಡಿ ನೋವಿನವರು ನೆಲದ ಮೇಲೆ ಕೂತು ಉಣ್ಣೋದು ಹೇಗೆ? ಇವು ನಗೆಚಾಟಿಕೆ ವಿಷಯ ಅಲ್ಲ. ಕಣದ ಹತ್ತಿರ ಗುಂಡಿ ತೆಗೆಸಿ ಮರೆ ಕಟ್ಟಿ ಎರಡು ತಾತ್ಕಾಲಿಕ ಕಕ್ಕಸು, ನೀರು, ದೀಪ ಮಾಡಲೇಬೇಕು. ಒಂದು ಸಾಲು ಮೇಜು ಕುರ್ಚಿ ಇರಲಿ. ಮಳೆ ಭಯ ಮಾಘದಲ್ಲಿ ಕಡಿಮೆ. ಆದರೂ ಊರ ದೇವಸ್ಥಾನದ ಪೌಳಿಯನ್ನೋ ಶಾಲೆ ಜಗಲಿಯನ್ನೋ ಕೇಳಿ ಇಟ್ಟುಕೊಂಡಿರೋದು ವಾಸಿ.

ಮೂರನೆಯದು ನೀರಿನ ಬಾಟಲಿ. ಹಳೆ ಗುಡಾಣ, ಹೂಜಿ ಇಟ್ಟು ಸ್ಟೀಲ್ ಲೋಟ ಕೊಟ್ಟೆವು. ಶುದ್ಧ ನೀರಿನ ಘಟಕದ್ದೇ ನೀರು, ಅದನ್ನು ಚೀಟಿ ಬರೆದು ಗುಡಾಣದ ಮೇಲೆ ಅಂಟಿಸಿದೆವು. ಆದರೂ ಬೀಗರ ಕಡೆಯ ಕೆಲವರು ನಂಬದೆ ಎರಡು ಪೆಟ್ಟಿಗೆ ಬಾಟಲಿ ತಂದಿದ್ದರು. ಬೇಡ ಅನ್ನಲಿಲ್ಲ. ನೆಂಟರ ಹತ್ತಿರ ಜಗಳ ಆಡಿ ಪರಿಸರ ಉಳಿಸೋದು ಬೇಡ. ಖಾಲಿ ಬಾಟಲಿ ಅವರ ಗಾಡಿಯಲ್ಲೇ ವಾಪಸ್ ಹೋಯ್ತು.

ನಾಲ್ಕನೆಯದೇ ದೊಡ್ಡದು, ಊರು ಏನನ್ನುತ್ತೆ? 'ದುಡ್ಡು ಉಳಿಸೋಕೆ ಹೊಲದಲ್ಲಿ ಮಾಡಿದ' ಅಂತ ಅಂದವರಿದ್ದಾರೆ. ಹೌದು, ಉಳಿಸಿದೆ. ಅದರಲ್ಲಿ ನಾಚಿಕೆ ಯಾತರದು? ಕುವೆಂಪು ಅವರು 'ಮಂತ್ರ ಮಾಂಗಲ್ಯ' ರೂಪಿಸಿ ೧೯೬೬ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಸರಳವಾಗಿ ಮಾಡಿದರು. ಆಮೇಲೆ ರೈತ ಸಂಘದವರು ಸರಳ ಮದುವೆಯನ್ನು ಹಳ್ಳಿ ಹಳ್ಳಿಗೆ ತೊಗೊಂಡು ಹೋದರು. ಹಸಿರು ಟವೆಲಿನ ಮದುವೆ ಅಂತ ಒಂದು ಕಾಲಕ್ಕೆ ಹೆಮ್ಮೆಯಿತ್ತು. ಅವರೇನು ಊರ ಬಾಯಿಗೆ ಹೆದರಿದ್ದರಾ? ನಮ್ಮದು ಅಷ್ಟು ಸರಳ ಅಲ್ಲ, ವಾಲಗ, ಶಾಸ್ತ್ರ, ಸೋಬಾನೆ ಎಲ್ಲ ಇತ್ತು. ಇಲ್ಲದೇ ಇದ್ದದ್ದು ಸಾಲ ಮಾತ್ರ.

ಪೇಟೆಯವರಿಗೆ

ಹೊಲ ಇಲ್ಲದವರು, ಬೆಂಗಳೂರಿನಲ್ಲೇ ಮದುವೆ ಮಾಡಬೇಕಾದವರು ಏನು ಮಾಡಬೇಕು ಅಂತ ಬೀಗರು ಕೇಳಿದರು. ನನಗೆ ತೋಚಿದ್ದು ಹೇಳಿದೆ. ಬಾಡಿಗೆಗೆ ಹುಲ್ಲುಹಾಸು ಹುಡುಕುವ ಬದಲು ಮನೆ ಮುಂದಿನ ಜಾಗ, ತಾರಸಿ, ನೆಂಟರ ತೋಟ ನೋಡಿ. ಕರೆಯುವ ಜನ ಕಡಿಮೆ ಮಾಡಿ. ಕುಂಡದ ಗಿಡಗಳನ್ನು ನೆಂಟರಿಷ್ಟರ ಮನೆಯಿಂದ ಕೇಳಿ ತನ್ನಿ, ಸಾಲದಿದ್ದರೆ ನರ್ಸರಿಯವರಿಂದ ಬಾಡಿಗೆಗೆ ತೊಗೊಂಡು ಮುಗಿದ ಮೇಲೆ ವಾಪಸ್ ಕೊಡಿ. ಹೂವಿಗೆ ಮೂರು ತಿಂಗಳು ಮುಂಚೆ ಒಬ್ಬ ರೈತನಿಗೆ ಮುಂಗಡ ಕೊಟ್ಟು ದರ ಮಾತಾಡಿಕೊಳ್ಳಿ. ಮಾರುಕಟ್ಟೆ ಬಿದ್ದರೂ ಎದ್ದರೂ ಅದೇ ದರ. ಇದರಿಂದ ಇಬ್ಬರಿಗೂ ಧೈರ್ಯ. ಕಾಳು, ಎಣ್ಣೆ, ಎಲೆಯನ್ನೂ ಹಾಗೆಯೇ ಬೆಳೆದವರಿಂದ, ಮಹಿಳಾ ಸಂಘದವರಿಂದ ತೊಗೊಳ್ಳಿ. ಉಳಿದ ಅನ್ನ, ಎಲೆ, ಹೂವನ್ನು ಬೇರೆ ಬೇರೆ ಹಾಕಿಸಿ ಗೊಬ್ಬರ ಮಾಡುವವರಿಗೆ ಕೊಡಿ. ಇಷ್ಟು ಮಾಡಿದರೆ ಮಂಟಪದಲ್ಲಿ ಮಾಡಿದ ಮದುವೆಯೂ ಹಸಿರೇ.

ಮುಯ್ಯಿ ಮತ್ತೆ ಬರಲಿ

ಕೊನೆಗೆ ಒಂದು ಸಲಹೆ. ಹಿಂದೆ ಮುಯ್ಯಿ ಅಂದರೆ ಬರೀ ಕವರಿನೊಳಗಿನ ನೋಟು ಅಲ್ಲ. ಒಬ್ಬರು ಐದು ಸೇರು ರಾಗಿ ತರೋರು, ಒಬ್ಬರು ಕುಂಬಳಕಾಯಿ, ಒಬ್ಬರು ಹತ್ತು ತೆಂಗಿನ ಗರಿ, ಏನೂ ಇಲ್ಲದವರು ಒಂದು ದಿನದ ಕೆಲಸ. ಬರೆದಿಟ್ಟುಕೊಂಡು ಅವರ ಮನೆ ಕಾರ್ಯಕ್ಕೆ ತೀರಿಸೋದು. ಸಾಲವೇ, ಆದರೆ ಬಡ್ಡಿ ಇಲ್ಲದ್ದು. ಊರಲ್ಲಿ ಹತ್ತು ಮನೆಯವರು ಸೇರಿ ಈ ಲೆಕ್ಕವನ್ನು ಮತ್ತೆ ಶುರು ಮಾಡಬಹುದು. ಈ ವರ್ಷ ಮದುವೆ ಇರುವ ಮನೆಗೆ ನವಣೆ ನೀನು ಹಾಕು, ಅವರೆ ನಾನು ಹಾಕ್ತೀನಿ, ಹೂವು ಅವರು ಹಾಕಲಿ ಅಂತ ಬಿತ್ತನೆ ಮುಂಚೆಯೇ ಮಾತಾಡಿಕೊಂಡರೆ ಎರಡು ಎಕರೆ ಇರುವವನ ಮೇಲೂ ಭಾರ ಬೀಳೋದಿಲ್ಲ. ಜಮೀನೇ ಇಲ್ಲದವರ ಮನೆ ಮದುವೆಯೂ ಇದರಲ್ಲಿ ಸೇರಬೇಕು, ಅವರ ಕೈಕೆಲಸಕ್ಕೆ ಕಾಳಿನಷ್ಟೇ ಬೆಲೆ ಕಟ್ಟಬೇಕು.

ಅದರ ಜೊತೆಗೆ ಊರಿಗೊಂದು ೫೦೦ ಸ್ಟೀಲ್ ಲೋಟ, ೫೦೦ ತಟ್ಟೆ, ನಾಲ್ಕು ಕೊಪ್ಪರಿಗೆ. ಸ್ತ್ರೀಶಕ್ತಿ ಸಂಘದವರು ಇದನ್ನು ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಸಂಘಕ್ಕೆ ಆದಾಯ, ಊರ ಚರಂಡಿಗೆ ಪ್ಲಾಸ್ಟಿಕ್ ಲೋಟದ ಕಾಟ ಇಲ್ಲ. ಮದುವೆ ಒಂದೇ ಅಲ್ಲ, ತಿಥಿ, ಜಾತ್ರೆ, ಗೃಹಪ್ರವೇಶಕ್ಕೂ ಆಗುತ್ತೆ. ನಮ್ಮೂರ ಸಂಘದಲ್ಲಿ ಈ ಮಾತು ಇಟ್ಟಿದ್ದೀನಿ. ಲೋಟಕ್ಕೆ ದುಡ್ಡು ಕೂಡಿದೆ, ತಟ್ಟೆಗೆ ಇನ್ನೂ ಇಲ್ಲ.

ಬರುವ ಮಾಘ ಫಾಲ್ಗುಣಕ್ಕೆ ಮನೆಯಲ್ಲಿ ಮದುವೆ ಇರುವವರು ಲಗ್ನ ಕಟ್ಟಿಸುವ ದಿನವೇ ಬೀಗರ ಹತ್ತಿರ ನಾಲ್ಕು ವಿಷಯ ಮಾತಾಡಿಕೊಳ್ಳಿ. ಜನ ಎಷ್ಟು, ಜಾಗ ಯಾವುದು, ಊಟಕ್ಕೆ ಏನು, ಎಲೆ ಯಾವುದು. ತೀರ್ಮಾನ ಆದ ಮೇಲೆ ಮಳೆ ನಕ್ಷತ್ರ ನೋಡಿ ಬೀಜ ತೆಗೆದಿಡಿ. ಬೇರೆ ಸೀಮೆಯಲ್ಲಿ ಹೀಗೆ ಮದುವೆ ಮಾಡಿದವರು, ಯಾವ ಎಲೆ, ಯಾವ ಸೊಪ್ಪು, ಏನು ಅಡಿಗೆ ಅಂತ ಪತ್ರಿಕೆಗೆ ಬರೆದು ತಿಳಿಸಿ. ಮುಖ್ಯವಾಗಿ ಮುತ್ತುಗದ ಎಲೆ ಹಚ್ಚುವವರು ನಿಮ್ಮೂರಲ್ಲಿ ಇದ್ದರೆ ಅವರ ಹತ್ತಿರ ಈ ಕಾರ್ತಿಕದಲ್ಲೇ ನಾಲ್ಕು ಜನ ಕೂತು ಕಲಿತುಕೊಳ್ಳಿ.